ಒಂಬತ್ತೂಕಾಲಿನ ತಿಂಡಿ

"ಮುಟ್ಟಬೇಡಿ, ಕೀಲಿ ಸಡಿಲ ಇದೆ" ಎಂದು ಅವನು ಹೇಳಿದ. ಅವರಿಬ್ಬರ ನಡುವಿನ ಮೊದಲ ಮಾತು ಅದೇ.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಕೌಂಟರಿನ ಮೇಲೆ ತಗಡಿನ ಹುಂಜವೊಂದು ಕತ್ತು ಓರೆ ಮಾಡಿ ನಿಂತಿತ್ತು. ಕೀಲಿ ಕೊಟ್ಟರೆ ಕಾಳು ಹೆಕ್ಕುವಂಥದ್ದು. ಚಿಕ್ಕಂದಿನಲ್ಲಿ ತನ್ನ ಬಳಿಯೂ ಇಂಥದ್ದೊಂದು ಇತ್ತು ಎಂದು ಹೇಳಹೊರಟವಳು ಮುಖ ಊದಿಸಿಕೊಂಡು ತಿಂಡಿ ಮುಗಿಸಿ ಎದ್ದಳು. ಮತ್ತೆ ಇತ್ತ ತಲೆ ಹಾಕಬಾರದು ಎಂದುಕೊಂಡಳು. ಆದರೆ ನಾಲಿಗೆ ಕೇಳಬೇಕಲ್ಲ.

ಅವಳು ಸ್ಕೂಲ್ ವ್ಯಾನ್ ಓಡಿಸುತ್ತಿದ್ದಳು. ಹದಿನಾಲ್ಕು ಮಕ್ಕಳನ್ನು ಗೇಟಿನೊಳಗೆ ಬಿಟ್ಟು, ರೈಲ್ವೆ ಗೇಟು ದಾಟಿದರೆ ಒಂಬತ್ತೂಕಾಲಿಗೆ ಅವನ ತಿಂಡಿ ಅಂಗಡಿ. ಅವನೇ ಒಲೆಯಲ್ಲಿ ಸುಟ್ಟ ಬ್ರೆಡ್ಡು, ಅವನ ತಾಯಿ ಬೆಳಿಗ್ಗೆ ಕಡೆದ ಬೆಣ್ಣೆ, ಎರಡು ಮೊಟ್ಟೆ, ದೊಡ್ಡ ಲೋಟದ ತುಂಬ ಟೀ. ಬೇರೆಯವರು ಬಿಸ್ಕತ್ತಿನ ಡಬ್ಬಿ ಇಡುವ ಕಪಾಟಿನಲ್ಲಿ ಅವನು ಹಳೇ ಆಟಿಕೆ ಜೋಡಿಸಿದ್ದ: ಮರದ ಲಾರಿ, ಒಂದೇ ಕಣ್ಣಿನ ಗೊಂಬೆ, ತಾಳ ಹಾಕುವ ಕೋತಿ. ಗಿರಾಕಿಗಳು ಅವನನ್ನು 'ಗೊಂಬೆ ಅಣ್ಣ' ಎನ್ನುತ್ತಿದ್ದರು.

ಅವಳು ಊರಿಗೆಲ್ಲ 'ವ್ಯಾನಕ್ಕ'. ಬಿಳಿಗಡ್ಡದವರೂ ಅಕ್ಕ ಎನ್ನುತ್ತಿದ್ದರು. ಅವನೊಬ್ಬ ಮಾತ್ರ 'ಮೇಡಂ' ಎನ್ನುತ್ತಿದ್ದ. ಅದನ್ನು ಅವಳು ಗಮನಿಸಿದ್ದಳು.

ನಾಲ್ಕನೆಯ ವಾರ ಅವನು ಹುಂಜವನ್ನು ತಂದು ಅವಳ ತಟ್ಟೆಯ ಪಕ್ಕದಲ್ಲಿಟ್ಟ. "ಸ್ಪ್ರಿಂಗ್ ಸರಿಮಾಡಿದ್ದೀನಿ. ಈಗ ಮುಟ್ಟಿ."

ಅವಳು ಕೀಲಿ ತಿರುಗಿಸಿದಳು. ಹುಂಜ ಟಕಟಕನೆ ಬ್ರೆಡ್ಡಿನ ಪುಡಿ ಹೆಕ್ಕಿತು. ಅವಳು ನಕ್ಕಾಗ ಅವನು ಹುಂಜವನ್ನು ನೋಡುತ್ತಿರಲಿಲ್ಲ. ಸಿಕ್ಕಿಬಿದ್ದೆನೆಂದು ಗೊತ್ತಾದೊಡನೆ, ಒರೆಸಿದ್ದ ಮೇಜನ್ನೇ ಮತ್ತೆ ಒರೆಸತೊಡಗಿದ.

ಅಲ್ಲಿಂದಾಚೆ ಒಂಬತ್ತೂಕಾಲು ಎಂದರೆ ಅವಳಿಗೆ ತಿಂಡಿ ಮಾತ್ರ ಆಗಿರಲಿಲ್ಲ. ಒಂದು ಶನಿವಾರ ಹಳೇ ಸಾಮಾನಿನ ಅಂಗಡಿಯಲ್ಲಿ, ಮೇಣದ ಬತ್ತಿಯ ಬಿಸಿಗೆ ಪುಟಪುಟನೆ ಓಡುವ ತಗಡಿನ ದೋಣಿ ಅವಳ ಕಣ್ಣಿಗೆ ಬಿತ್ತು. ಕೊಂಡು, ಉಜ್ಜಿ, ಕಾಗದದಲ್ಲಿ ಸುತ್ತಿ ಸೋಮವಾರ ಹೊರಟಳು.

ಅಂಗಡಿಯ ಬಾಗಿಲಲ್ಲೇ ಅವಳ ಕಾಲು ನಿಂತಿತು. ಅವನ ಹೆಗಲ ಮೇಲೊಂದು ಪುಟ್ಟ ಹೆಣ್ಣುಮಗು ಕೂತಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸು ಮಗುವಿನ ಚಪ್ಪಲಿ ಹಿಡಿದು ನಿಂತಿದ್ದಳು. "ಅಪ್ಪಾ, ಕೋತಿ ಕೊಡು" ಎಂದಿತು ಮಗು. ಅವನು ಕೊಟ್ಟ. ಯಾರಿಗೂ ಮುಟ್ಟಗೊಡದ ಕೋತಿಯನ್ನು.

ಅವಳು ಸದ್ದಿಲ್ಲದೆ ವ್ಯಾನಿಗೆ ಮರಳಿದಳು. ಹನ್ನೊಂದು ದಿನ ರೈಲ್ವೆ ಗೇಟಿನ ಕಡೆ ಹೋಗಲಿಲ್ಲ. ಸ್ಟೀರಿಂಗಿನ ಹಿಂದೆ ಕೂತು ಬೇಕರಿಯ ಬನ್ನು ತಿಂದಳು. ಬನ್ನು ಚೆನ್ನಾಗಿಯೇ ಇತ್ತು. ಅರ್ಧ ತಿಂದು ಉಳಿದದ್ದನ್ನು ಕಾಗೆಗೆ ಹಾಕುತ್ತಿದ್ದಳು, ಅಷ್ಟೆ.

ಹನ್ನೆರಡನೆಯ ದಿನ ಮಕ್ಕಳೆಲ್ಲ ಒಳಗೆ ಹೋದ ಮೇಲೆ ನೋಡಿದರೆ, ಶಾಲೆಯ ಗೇಟಿನ ಬಳಿ ಅವನು ಸೈಕಲ್ ಹಿಡಿದು ನಿಂತಿದ್ದ. ಕೈಯಲ್ಲಿ ಟಿಫಿನ್ ಡಬ್ಬಿ. ಅಂಗಡಿ ಯಾರು ನೋಡಿಕೊಳ್ಳುತ್ತಿದ್ದಾರೆಂದು ಅವಳು ಕೇಳಿದಳು. ಹಿಟ್ಟು ತರುತ್ತೇನೆಂದು ಅಮ್ಮನಿಗೆ ಸುಳ್ಳು ಹೇಳಿ ಬಂದೆ ಎಂದ. ಅಷ್ಟರಲ್ಲಿ ಅವನ ಕಣ್ಣು ಡ್ಯಾಶ್‌ಬೋರ್ಡಿನ ಮೇಲಿದ್ದ ದೋಣಿಯತ್ತ ಹೋಯಿತು.

"ಇದೆಲ್ಲಿ ಸಿಕ್ತು?"

"ನಿಮಗೇ ತಂದಿದ್ದು. ಮಗಳಿಗೆ ಕೊಡಿ, ಆಡ್ಕೊಳ್ಳಲಿ."

"ಯಾರ ಮಗಳು?"

ಅವಳು ಹೇಳಿದಳು. ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಅದು ನನ್ನ ತಮ್ಮನ ಮಗಳು. ಜೊತೆಗಿದ್ದವಳು ತಮ್ಮನ ಹೆಂಡ್ತಿ. ದೊಡ್ಡಪ್ಪ ಅನ್ನೋಕೆ ಮಗೂಗೆ ನಾಲಿಗೆ ತಿರುಗಲ್ಲ, 'ದೊಡ್ಡ' ನುಂಗಿಬಿಡ್ತಾಳೆ. ನೀವು ಕೇಳಬಹುದಿತ್ತಲ್ಲ?"

ನಗು ಬರಬೇಕಿತ್ತು, ಬರಲಿಲ್ಲ. ಅವಳು ಸ್ಟೀರಿಂಗನ್ನು ನೋಡುತ್ತ ಹೇಳಿದಳು. ಒಮ್ಮೆ ಮದುವೆಯಾಗಿತ್ತು. ಗಂಡನಿಗೆ ಇನ್ನೊಂದು ಮನೆ ಇದೆಯೆಂದು ಹಾಲಿನವನಿಗೆ ಗೊತ್ತಿತ್ತು, ಪಕ್ಕದ ಮನೆಯವರಿಗೆ ಗೊತ್ತಿತ್ತು, ಸ್ವಂತ ತಂಗಿಗೂ ಗೊತ್ತಿತ್ತು.

"ಎಲ್ಲರಿಗೂ ಗೊತ್ತಾದ ಮೇಲೆ ಕೊನೇಲಿ ನಂಗೆ ಗೊತ್ತಾಗೋದು ಇನ್ನೊಂದು ಸಲ ಬೇಡ ಅನ್ನಿಸ್ತು. ಅದಕ್ಕೇ ಕೇಳಲಿಲ್ಲ."

ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ವ್ಯಾನಿನ ಕಿಟಕಿಯ ಹತ್ತಿರ ಬಂದ.

"ಹಾಗಾದ್ರೆ ಇದನ್ನ ಮೊದಲು ನಿಮಗೇ ಹೇಳ್ತೀನಿ. ಅಮ್ಮನಿಗೂ ಹೇಳಿಲ್ಲ, ತಮ್ಮನಿಗೂ ಹೇಳಿಲ್ಲ. ನಿಮ್ಮನ್ನ ಮದುವೆ ಆಗ್ಬೇಕು ಅಂತಿದ್ದೀನಿ."

ಶಾಲೆಯೊಳಗೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು. ಏಳರ ಮಗ್ಗಿ ಮುಗಿದು ಎಂಟರದು ಶುರುವಾಯಿತು. ಅವಳು ಪಕ್ಕದ ಸೀಟಿನ ಮೇಲಿದ್ದ ಹಾಜರಿ ಪುಸ್ತಕ ತೆಗೆದು ಅವನಿಗೆ ಜಾಗ ಮಾಡಿದಳು. ಇಬ್ಬರೂ ಒಂದೇ ಡಬ್ಬಿಯಿಂದ ಬ್ರೆಡ್ಡು ತಿಂದರು. ಬೆಣ್ಣೆ ಬಿಸಿಲಿಗೆ ಕರಗಿ ಬೆರಳಿಗೆಲ್ಲ ಮೆತ್ತಿತು.

"ನಾಳೆ ತನಕ ಯಾರಿಗೂ ಹೇಳ್ಬೇಡಿ" ಎಂದಳು ಅವಳು. "ಒಂದು ದಿನ ನಂಗೊಬ್ಬಳಿಗೇ ಗೊತ್ತಿರಲಿ."

ಅವನು ಮಾತು ಉಳಿಸಿಕೊಂಡ. ಹಿಟ್ಟು ತರಲು ಮರೆತದ್ದಕ್ಕೆ ಬೈಸಿಕೊಂಡರೂ ಬಾಯಿ ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಒಂಬತ್ತೂಕಾಲಿಗೆ ಅವಳು ಎಂದಿನ ಮೇಜಿಗೆ ಹೋಗದೆ ನೇರ ಅಡುಗೆಮನೆಗೆ ನಡೆದಳು. ಅವನ ತಾಯಿ ಬೆಣ್ಣೆಯ ಉಂಡೆ ಕಟ್ಟುತ್ತಿದ್ದರು. ಎದುರು ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುದುಕಿಯ ಕೈ ಮಜ್ಜಿಗೆಯಲ್ಲೇ ನಿಂತಿತು.

"ಅಯ್ಯೋ, ನಂಗ್ಯಾರೂ ಹೇಳಲೇ ಇಲ್ವಲ್ಲ ತಾಯಿ."

"ಈಗ ನಾನೇ ಹೇಳ್ತಿದ್ದೀನಲ್ಲ, ಅತ್ತೆ."