ಹೆಲಾನೆಯ ಉತ್ತರ

"ಅಲ್ಲೇ ನಿಲ್ಲು! ಇನ್ನೊಂದು ಹೆಜ್ಜೆ ಮುಂದಿಟ್ರೆ ಈ ಇಕ್ಕಳದಲ್ಲೇ ಮೂಗು ಹಿಡೀತೀನಿ!"

ಬೆಟ್ಟದ ಮೇಲಿನ ಮಿಷನ್ ಬಾಗಿಲಲ್ಲಿ ನಿಂತು ಹೆಲಾನೆ ಹೀಗೆ ಗದರಿದಾಗ, ಎದುರಿಗಿದ್ದ ಯುವಕ ಹೆದರುವ ಬದಲು ನಕ್ಕುಬಿಟ್ಟ.

"ಮೂರು ಗಂಟೆ ಬಿಸಿಲಲ್ಲಿ ನಡ್ಕೊಂಡು ಬಂದೋನಿಗೆ ನೀರಿಲ್ಲ, ನೆರಳಿಲ್ಲ, ಇಕ್ಕಳ! ಚೆನ್ನಾಗಿದೆ ನಿಮ್ಮ ಸತ್ಕಾರ!"

"ಕಾಲರಾ ಊರಿಂದ ಬಂದೋರಿಗೆ ಇದೇ ಸತ್ಕಾರ. ಕಾಗದ ಕೊಡು."

ಅವನು ಕಾಗದ ಚಾಚಿದ. ಅವಳು ಅದನ್ನು ಇಕ್ಕಳದಲ್ಲಿ ಹಿಡಿದು, ದ್ರಾಕ್ಷಿಯ ಹುಳಿ ಸಿರ್ಕಾ ತುಂಬಿದ ಬೋಗುಣಿಯಲ್ಲಿ ಅದ್ದಿದಳು. ಅಷ್ಟರಲ್ಲಿ ಅವನ ಕಣ್ಣು ನೋಡಿದ್ದೇ ತಪ್ಪಾಯಿತು... ಬೋಗುಣಿ ವಾಲಿ ಸಿರ್ಕಾ ಅವಳ ಮೈಮೇಲೆಯೇ ಚೆಲ್ಲಿತು!

ಆ ಬೇಸಿಗೆಯಲ್ಲಿ ಕಾಲರಾ ಪರ್ಷಿಯಾದ ತಬ್ರೀಜ್ ಕಡೆಯಿಂದ ಉರ್ಮಿಯಾ ಬಯಲಿಗೆ ಇಳಿದಿತ್ತು. ಅಮೆರಿಕದಿಂದ ಬಂದ ಪಾದ್ರಿ ಹಾಲ್‌ಸ್ಟೆಡ್ ಸಾಹೇಬರು ಶಾಲೆಯ ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತಿದ್ದರು. ಬಯಲಿನ ಹಳ್ಳಿಗಳಿಗೆ ಔಷಧಿ ಹೊರುವ ಕೆಲಸ ಓಶಾನಾನದು. ಅವನೇ ಈ ನಗುವಿನವನು. ಅವನು ಬರೆದ ವರದಿಗಳನ್ನು ಸಾಹೇಬರಿಗೆ ಓದಿ ಹೇಳುವುದು ಶಾಲೆಯ ಉಪಾಧ್ಯಾಯಿನಿ ಹೆಲಾನೆಯ ಕೆಲಸ. ಅದನ್ನು ಕೇಳಿ ಸಾಹೇಬರು ತಮ್ಮ ದೇಶಕ್ಕೆ ಪತ್ರ ಬರೆಯುತ್ತಿದ್ದರು. ಯಾವ ಹಳ್ಳಿಯಲ್ಲಿ ಎಷ್ಟು ಮಂದಿ ಉಳಿದರು, ಯಾರ್ಯಾರು ಹೋದರು...

ಮುಂದಿನ ವಾರದ ವರದಿಯ ತುದಿಯಲ್ಲಿ ಒಂದು ಸಾಲು ಹೆಚ್ಚಿತ್ತು. 'ಇಕ್ಕಳದ ರಾಣಿಗೆ ಸಲಾಂ. ಸಿರ್ಕಾ ಕಲೆ ಹೋಯಿತೇ?'

ಹೆಲಾನೆ ಅದನ್ನು ಗಟ್ಟಿಯಾಗಿ ಓದದೆ ನುಂಗಿದಳು.

"ಅಷ್ಟೇನಾ? ಇನ್ನೇನೂ ಬರೆದಿಲ್ವಾ?" ಸಾಹೇಬರು ಕೇಳಿದರು.

"ಇಲ್ಲ ಸಾಹೇಬ್ರೇ! ಏನೂ ಇಲ್ಲ! ಇನ್ನೇನಿರುತ್ತೆ?" ಎಂದು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡಳು.

ಹೀಗೆ ಆರು ವಾರ. ಮೇಲೆ ಸಾವಿನ ಲೆಕ್ಕ, ಕೆಳಗೆ ಅವಳಿಗಾಗಿ ಒಂದು ಸಾಲು. ಊರೆಲ್ಲ ಅಳುವಾಗ ತನ್ನ ಎದೆ ಮಾತ್ರ ಹೀಗೆ ಕುಣಿಯುವುದು ಪಾಪವಲ್ಲವೇ ಎಂದು ಪ್ರಾರ್ಥನೆಯಲ್ಲಿ ಅಳುತ್ತಿದ್ದಳು. ಕಣ್ಣೊರೆಸಿಕೊಂಡು ಮತ್ತೆ ಬಾಗಿಲಿಗೆ ಓಡುತ್ತಿದ್ದಳು.

ಏಳನೆಯ ವಾರ ಸಾಲು ಉದ್ದವಿತ್ತು.

'ನಾಳೆ ಇರುತ್ತೇನೋ ಇಲ್ಲವೋ. ಅದಕ್ಕೇ ಈಗಲೇ ಕೇಳುತ್ತಿದ್ದೇನೆ. ಇದ್ದರೆ, ನಿನ್ನ ಮನೆಗೆ ಹಿರಿಯರನ್ನು ಕಳಿಸಲೇ?'

ಅವತ್ತು ಹೆಲಾನೆ ಜೀವನದಲ್ಲಿ ಮೊದಲ ಬಾರಿಗೆ ಗಂಡಸೊಬ್ಬನಿಗೆ ಕಾಗದ ಬರೆದಳು. ಮೇಜಿನ ಮೇಲೆ ಸಾಹೇಬರ ವಿಲಾಯತಿ ಶಾಯಿ ಇತ್ತು. ಅದರಲ್ಲೇ ಓಶಾನಾನಿಗೂ ಒಂದು ಸೀಸೆ ಕೊಟ್ಟಿದ್ದರು. ಆದರೆ ದೇವರ ಕೆಲಸದ ಶಾಯಿಯಲ್ಲಿ ತನ್ನ ಮನಸ್ಸಿನ ಮಾತು ಬರೆಯಲು ಅವಳಿಗೆ ಮನಸ್ಸಾಗಲಿಲ್ಲ. ರೊಟ್ಟಿ ಒಲೆಯ ಮಸಿ ಕೆರೆದು, ಅಂಟು ಬೆರೆಸಿ, ತಾನೇ ಶಾಯಿ ಅರೆದು ಬರೆದಳು. ಬರೆದುದನ್ನು ಓಶಾನಾನಿಗೆ ಹೋಗುವ ಸಾಹೇಬರ ಚೀಟಿಯ ಜೊತೆ ಸೇರಿಸಿ ಮುದ್ರೆ ಒತ್ತಿ ಕಳಿಸಿದಳು.

ಅಡುಗೆಮನೆಯ ಖಾತೂನ್ ಅತ್ತೆಗೆ ಎಲ್ಲ ಗೊತ್ತಾಯಿತು.

"ಹೆಣ್ಣುಮಗಳು ತಾನೇ ಕೈಯಾರೆ ಒಪ್ಪಿಗೆ ಬರೆಯೋದಾ! ಗಂಡಿಗೆ ಅಸಹ್ಯ ಆಗಲ್ವೇನೇ? ಬಾಯಿ ಮುಚ್ಕೊಂಡಿದ್ದಿದ್ರೆ ಅವನೇ ಹಿರಿಯರನ್ನ ಕಳಿಸ್ತಿದ್ದ!"

"ಅವನು ಅಂಥೋನಲ್ಲ ಅತ್ತೆ."

"ಎಲ್ಲರೂ ಅಂಥೋರೇ ಕಣೇ."

ಮುಂದಿನ ವರದಿ ಬಂತು. ಸಲಾಂ ಇಲ್ಲ. ಹೆಸರಿಲ್ಲ. 'ಹೊಳೆಯ ಸೇತುವೆಯಾಚೆಯ ಹಳ್ಳಿಗಳಲ್ಲಿ ರೋಗ ಹೆಚ್ಚಿದೆ. ನಾನು ಇಲ್ಲೇ ಉಳಿಯುತ್ತೇನೆ. ಬದಲಿಗೆ ಬೇರೆಯವರನ್ನು ಕಳಿಸಬೇಡಿ, ಅವರಿಗೆ ಮನೆಯಲ್ಲಿ ಕಾಯುವವರಿದ್ದಾರೆ. ನನಗೆ ಯಾರೂ ಇಲ್ಲ.'

ಯಾರೂ ಇಲ್ಲವೇ? ಹಾಗಾದರೆ ನಾನು...?

ಅತ್ತೆ ಹೇಳಿದ್ದೇ ನಿಜ ಎಂದುಕೊಂಡಳು. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇನ್ನೊಂದು ಕಾಗದ ಬರೆಯಲು ಕೂತಳು, ಹರಿದಳು. ಮತ್ತೆ ಬರೆದಳು, ಮತ್ತೆ ಹರಿದಳು. ಹುಡುಗಿಗೆ ಸ್ವಾಭಿಮಾನಕ್ಕೇನು ಬರವೇ? ಆ ಹಾಳು ಸ್ವಾಭಿಮಾನದಲ್ಲೇ ಹನ್ನೊಂದು ದಿನ ಕಳೆದುಹೋದವು.

ಹನ್ನೆರಡನೆಯ ದಿನ ಬೆಳಿಗ್ಗೆ ಬಂದ ಕಾಗದದ ಅಕ್ಷರ ಬೇರೆಯಾಗಿತ್ತು. ಸೇತುವೆಯಾಚೆಯ ಹಳ್ಳಿಯ ಚರ್ಚಿನ ಮುದಿ ಗುರುಗಳು ಬರೆದಿದ್ದರು.

'ಮಗಳೇ, ಓಶಾನಾ ಇಂದು ನಸುಕಿನಲ್ಲಿ ರೋಗ ತಗಲಿ ಬಿದ್ದ. ಏನು ಕೊಟ್ಟರೂ ಕುಡಿಯಲೊಲ್ಲ. ನಿನ್ನ ಹೆಸರು ಹೇಳುತ್ತ ನಿಮ್ಮ ಮುದ್ರೆಯ ಒಂದು ಹಾಳೆಯನ್ನು ಎದೆಗೆ ಒತ್ತಿಕೊಂಡಿದ್ದಾನೆ. ಬಿಡಿಸಿ ನೋಡಿದೆ, ಬರೀ ಬಿಳಿ. ಒಂದಕ್ಷರವಿಲ್ಲ. ಖಾಲಿ ಹಾಳೆ ಯಾಕೆ ಕಳಿಸಿದೆ ತಾಯಿ?'

ಬಿಳಿಯೇ? ಪುಟದ ತುಂಬ ಬರೆದಿದ್ದೆನಲ್ಲ!

"ಆ ಕಡೆಯೋರು ಈಗ ನಮ್ಮ ಕಾಗದಾನೂ ಸಿರ್ಕಾದಲ್ಲಿ ಅದ್ದೇ ಒಳಗೆ ಬಿಡ್ತಾರಮ್ಮ," ಎಂದ ಕಾಗದ ತಂದವನು. "ನಮ್ಮ ಕಾಗದ ಹಾದುಹೋಗೋ ಪೇಟೆಗೂ ರೋಗ ಬಂತಲ್ಲ!"

ಹೆಲಾನೆ ಒಳಗೆ ಓಡಿದಳು. ಅದೇ ಮಸಿಯಲ್ಲಿ ಬರೆದು ಹರಿದು ಉಳಿಸಿದ್ದ ಒಂದು ಚೂರನ್ನು ತಂದು ಬೋಗುಣಿಗೆ ಹಾಕಿದಳು. ವಿಲಾಯತಿ ಶಾಯಿಯಂತೆ ನಿಲ್ಲದೆ, ಒಲೆಯ ಮಸಿ ಹಾಳೆಯನ್ನು ಬಿಟ್ಟು ಹೊಗೆಯಂತೆ ಮೇಲೆದ್ದಿತು. ಮೂರು ಉಸಿರಿನಲ್ಲಿ ಅಕ್ಷರಗಳೆಲ್ಲ ಕರಗಿದವು.

"ಅಯ್ಯೋ ದೇವರೇ... ನಾನೇ ಅವನನ್ನ ಕೊಂದೆ!"

ಸಾಹೇಬರು ಅಮೆರಿಕದ ಪತ್ರ ಬರೆಯುತ್ತಿದ್ದರು. ಸೇತುವೆಯಾಚೆ ಹೋಗುತ್ತೇನೆಂಬ ಅವಳ ಮಾತು ಕೇಳಿ ಅಡ್ಡಡ್ಡ ತಲೆಯಾಡಿಸಿದರು.

"ಬೇಡ ಮಗಳೇ. ಸೇತುವೆ ದಾಟಿದರೆ ರೋಗ ಮುಗಿಯುವವರೆಗೆ ನಿನ್ನನ್ನು ವಾಪಸ್ ಬಿಡೋದಿಲ್ಲ. ಈ ವಾರ ಮೂವತ್ತೊಂದು ಹೆಸರು ಬರೆದಿದ್ದೇನೆ. ನಿನ್ನದನ್ನ ಬರೆಯಲಾರೆ."

"ಅವನದನ್ನ ಬರೀತೀರಾ ಸಾಹೇಬ್ರೇ?"

ಕಳೆದ ತಿಂಗಳು ಹೆಂಡತಿಯ ಹೆಸರನ್ನೂ ಅದೇ ಕೈಯಲ್ಲಿ ಬರೆದವರು ಅವರು. ಲೇಖನಿಯನ್ನು ಕೆಳಗಿಟ್ಟರು.

"ನನ್ನ ಕುದುರೆ ತಗೊಂಡು ಹೋಗು. ಬೇಗ!"

ಖಾತೂನ್ ಅತ್ತೆ ಎದೆ ಬಡಿದುಕೊಂಡು ಅತ್ತಳು. ಅಳುತ್ತಲೇ ಅಕ್ಕಿ, ಉಪ್ಪು ಗಂಟು ಕಟ್ಟಿಕೊಟ್ಟಳು.

ಸೇತುವೆಯ ಕಾವಲುಗಾರ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ತಲೆಗಿಲೆ ಕೆಟ್ಟಿದೆಯೇನಮ್ಮ? ಎಲ್ಲರೂ ಆ ಕಡೆಯಿಂದ ಓಡಿ ಬರೋಕೆ ನೋಡ್ತಿದ್ದಾರೆ, ನೀನು ಆ ಕಡೆಗೆ ಹೋಗ್ತೀನಿ ಅಂತೀಯ!"

"ಹೌದಣ್ಣ. ದಾರಿ ಬಿಡು."

ಓಶಾನಾ ಗುರುಗಳ ಮನೆಯ ನೆಲದ ಮೇಲೆ ಮಲಗಿದ್ದ. ಕಣ್ಣು ಗುಳಿಬಿದ್ದಿದ್ದವು. ಉಗುರು ನೀಲಿಯಾಗಿದ್ದವು. ಕೈ ಮುಟ್ಟಿದರೆ ಹಿಮ.

"ಓಶಾನಾ! ನಾನು, ಹೆಲಾನೆ. ನಾನು ಬರೆದಿದ್ದೆ! ಶಾಯಿ ತೊಳೆದುಹೋಯ್ತು. ಕೇಳಿಸ್ತಿದೆಯಾ? ಕಾಗದ ಖಾಲಿ ಇರಲಿಲ್ಲ ಕಣೋ!"

ತುಟಿ ಮಾತ್ರ ಅಲುಗಿತು. "ಏನ್... ಬರೆದಿದ್ದೆ?"

ಅವಳು ಗಂಜಿತಿಳಿಗೆ ಉಪ್ಪು ಹಾಕಿ ಚಮಚ ಎತ್ತಿದಳು. "ಒಂದು ಗುಟುಕಿಗೆ ಒಂದು ಸಾಲು. ಕುಡಿ, ಹೇಳ್ತೀನಿ."

ಅವನು ನುಂಗಿದ.

"ಹಿರಿಯರನ್ನ ಕಳಿಸು. ಬೇಗ ಕಳಿಸು."

ಅವನ ಗುಳಿಬಿದ್ದ ಕಣ್ಣಂಚಿನಲ್ಲಿ ನೀರು ಬರಲೂ ಮೈಯಲ್ಲಿ ನೀರಿರಲಿಲ್ಲ. "ಮುಂದೆ...?"

ಇನ್ನೊಂದು ಗುಟುಕು. ವಾಂತಿಯಾಯಿತು. ಒರೆಸಿ, ಮತ್ತೆ ಚಮಚ ಎತ್ತಿದಳು. ಇನ್ನೊಂದು ಸಾಲು. "ನಿನ್ನ ವರದಿ ಬರೋ ದಿನ ನಾನು ತಲೆ ಎರಡು ಸಲ ಬಾಚ್ಕೋತೀನಿ." ಮತ್ತೆ ಗುಟುಕು. "ನೀನು ಸತ್ರೆ ನಿನ್ನನ್ನ ಕ್ಷಮಿಸಲ್ಲ."

"ಮುಂದೆ?"

ಸಾಲುಗಳು ಮುಗಿಯುತ್ತ ಬಂದವು. ಅವನು ಕೇಳುವುದನ್ನು ನಿಲ್ಲಿಸಲಿಲ್ಲ. ಅವಳು ಹೇಳುವುದನ್ನು ನಿಲ್ಲಿಸಲಿಲ್ಲ. ಮದುವೆಗೆ ಯಾವ ಬಣ್ಣದ ಬಟ್ಟೆ, ಹಿತ್ತಲಲ್ಲಿ ಯಾವ ದ್ರಾಕ್ಷಿ ಬಳ್ಳಿ, ಮೊದಲ ಮಗುವಿಗೆ ಯಾರ ಹೆಸರು, ಮುನಿಸು ಬಂದಾಗ ಮೊದಲು ಯಾರು ಮಾತಾಡಬೇಕು... ಗಂಟಲು ಒಣಗಿ ದನಿ ಒಡೆಯಿತು. ಕತ್ತಲಾಗಿದ್ದೂ ಅವಳಿಗೆ ತಿಳಿಯಲಿಲ್ಲ.

ಬೆಳಕು ಹರಿಯುವಾಗ ಗುರುಗಳು ಬಂದು ಅವನ ಕೈಹಿಡಿದು ನೋಡಿದರು. ಶಿಲುಬೆಯ ಗುರುತು ಮಾಡಿಕೊಂಡರು. "ಬೆಚ್ಚಗಿದೆ," ಎಂದರು, ಆಮೇಲೆ ಗೋಡೆಗೆ ಮುಖ ತಿರುಗಿಸಿ ಅತ್ತರು.

ಓಶಾನಾ ಕಣ್ಣು ತೆರೆದು ಅವಳನ್ನೇ ನೋಡಿದ. ಕೆದರಿದ ಕೂದಲು, ಕೆಂಪು ಕಣ್ಣು, ಇನ್ನೂ ಎತ್ತಿಯೇ ಇದ್ದ ಚಮಚ.

"ಹೆಲಾನೆ... ಅಷ್ಟೆಲ್ಲ ಒಂದೇ ಹಾಳೇಲಿ ಹೆಂಗೆ ಹಿಡೀತು?"

ಅವಳು ನಗಲು ಹೋಗಿ ಅತ್ತುಬಿಟ್ಟಳು.

"ಸುಳ್ಳು ಹೇಳಿದೆ ಕಣೋ. ಕಾಗದ ನಿನ್ನೆ ಸಂಜೆಗೇ ಮುಗಿದಿತ್ತು."

"ಗೊತ್ತಿತ್ತು."

"ಗೊತ್ತಿತ್ತಾ? ಮತ್ತೆ ಯಾಕೆ ಹೇಳಲಿಲ್ಲ?"

ಅವನು ಕಷ್ಟಪಟ್ಟು ಕೈ ಸರಿಸಿ ಅವಳ ಬೆರಳು ಹಿಡಿದ.

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ದೆಯಲ್ಲ."