ಮೂಲಂಗಿಯ ತಣ್ಣನೆಯ ನೆಲ

ಕನ್ನಡಕದ ಅಂಗಡಿಯ ಹುಡುಗಿ ಆ ಮಧ್ಯಾಹ್ನ ಬಾಗಿಲಲ್ಲಿ ನಿಂತಾಗ, ತಮ್ಮ ಹೊಸ ಕನ್ನಡಕದ ವಿಷಯಕ್ಕೇ ಬಂದಿರಬೇಕು ಎಂದು ಡ್ರಾಯಿಂಗ್ ಮೇಷ್ಟ್ರು ಅಂದುಕೊಂಡರು. ಆದರೆ ಅವಳು ಕೇಳಿದ್ದು ಅವರ ಅತ್ತಿಗೆಯನ್ನು.

"ನಮ್ಮನೇಲಿ ಯಾರೋ ಒಂದು ಜೀವಾನ ಸ್ವಲ್ಪ ಸ್ವಲ್ಪವಾಗಿ ಕೊಲ್ತಾ ಇದಾರೆ, ತನಿಖೆಯಮ್ಮ," ಎಂದಳು. "ಯಾರು ಅಂತ ಗೊತ್ತು ಅನ್ಸುತ್ತೆ. ಅದು ಸುಳ್ಳಾಗ್ಲಿ ಅಂತಾನೇ ನಿಮ್ಮ ಹತ್ರ ಬಂದೆ."

ಮೇಷ್ಟ್ರ ಅತ್ತಿಗೆಯನ್ನು ಬೀದಿಯವರೆಲ್ಲ ತನಿಖೆಯಮ್ಮ ಎಂದೇ ಕರೆಯುತ್ತಿದ್ದರು. ವಿಮೆ ಕಂಪನಿಯೊಂದರಲ್ಲಿ ಬೆಂಕಿ ಅನಾಹುತಗಳ ತನಿಖೆ ಮಾಡುತ್ತಲೇ ಅವರ ತಲೆ ನೆರೆತಿತ್ತು. ಸುಟ್ಟ ಗೋದಾಮಿನ ಬೂದಿ ಕೆದಕಿ, ಕಿಡಿ ಹುಟ್ಟಿದ್ದು ಹಳೆಯ ವೈರಿನಲ್ಲೋ ಮಾಲೀಕನ ಮನಸ್ಸಿನಲ್ಲೋ ಎಂದು ಹೇಳಬಲ್ಲವರು. ಗಂಡ ತೀರಿಕೊಂಡ ಮೇಲೆ ಮೈದುನನೊಂದಿಗೆ ಒಂದೇ ಸೂರಿನಡಿ ಇದ್ದರು. ಅವರು ಕಂಡುಹಿಡಿಯುತ್ತಿದ್ದರು, ಮೇಷ್ಟ್ರು ಬೆರಗಾಗುತ್ತಿದ್ದರು. ಈ ಹಂಚಿಕೆಯಲ್ಲಿ ಇಬ್ಬರಿಗೂ ತಕರಾರಿರಲಿಲ್ಲ.

ಹುಡುಗಿ ಕೂತು ಕತೆ ಹೇಳಿದಳು. ಆ ಜೀವ ಒಂದು ಹಲ್ಲಿ. ಗೋಡೆಯ ಮೇಲೆ ಓಡಾಡುವ ಜಾತಿಯದಲ್ಲ; ನೆಲದ ಮೇಲೆ ಮೆಲ್ಲನೆ ನಡೆಯುವ, ಹಳದಿ ಮೈಗೆ ಚಿರತೆಯ ಹಾಗೆ ಕಪ್ಪು ಚುಕ್ಕೆ ಬಿದ್ದ ಸಾಕುಹಲ್ಲಿ. ಕೊಬ್ಬನ್ನೆಲ್ಲ ಬಾಲದಲ್ಲೇ ಕೂಡಿಟ್ಟುಕೊಳ್ಳುವುದರಿಂದ ಅದರ ಬಾಲ ದಪ್ಪಗಿತ್ತು. ಅದಕ್ಕೇ ಹೆಸರು ಮೂಲಂಗಿ. ತಂದುಕೊಟ್ಟವಳು ಅವಳ ಶಾಲೆಯ ದಿನಗಳ ಗೆಳತಿ, ಎದುರು ಬೀದಿಯ ಈಜು ಟೀಚರ್. ಅಂಥ ಹಲ್ಲಿಗಳನ್ನು ಅವಳು ಮೊದಲೇ ಸಾಕಿದ್ದಳು.

ಒಂದು ರಜಾದಿನ ಇಬ್ಬರೂ ಕೂತು ಅದಕ್ಕೊಂದು ಮನೆ ಕಟ್ಟಿದ್ದರು. ಅಗಲವಾದ ಗಾಜಿನ ಪೆಟ್ಟಿಗೆ. ನೆಲಕ್ಕೆ ಅಡುಗೆಮನೆಯ ಕಾಗದ, ಯಾಕೆಂದರೆ ಮರಳು ಹಾಕಿದರೆ ಹುಳುವಿನ ಜೊತೆ ಅದನ್ನೂ ನುಂಗಿ ಹೊಟ್ಟೆ ಕಟ್ಟುತ್ತದೆ. ಒಂದು ತುದಿ ಬೆಚ್ಚಗೆ, ಇನ್ನೊಂದು ತಂಪು. ಎರಡೂ ಕಡೆ ಅಡಗಿಕೊಳ್ಳಲು ಗುಹೆ. ನಡುವೆ ಪೊರೆ ಬಿಡಲು ಒದ್ದೆ ಪಾಚಿ ತುಂಬಿದ ಡಬ್ಬಿ. ಬೆಚ್ಚಗಿನ ತುದಿಯ ಗಾಜಿನ ಅಡಿಗೆ ಹೀಟಿಂಗ್ ಪ್ಯಾಡ್. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಹುಡುಗಿಯ ಅಣ್ಣ ಅದಕ್ಕೊಂದು ಥರ್ಮೋಸ್ಟಾಟ್ ಜೋಡಿಸಿಕೊಟ್ಟಿದ್ದ. ಗಾಜಿಗೂ ಪ್ಯಾಡಿಗೂ ನಡುವೆ ಸಿಕ್ಕಿಸಿದ ಸೆನ್ಸರ್ ತಂತಿ ನೆಲದ ಬಿಸಿ ಅಳೆಯುತ್ತದೆ. ತಣ್ಣಗಾದರೆ ಪ್ಯಾಡ್ ಹತ್ತಿಕೊಳ್ಳುತ್ತದೆ, ಸಾಕಷ್ಟು ಬಿಸಿಯಾದರೆ ಆರುತ್ತದೆ. ಜೀರುಂಡೆಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಇಕ್ಕಳದಲ್ಲಿ ಹಿಡಿದರೆ ಮೂಲಂಗಿ ಗಬಕ್ಕನೆ ನುಂಗುತ್ತಿತ್ತು. ಪ್ರತಿ ರಜಾದಿನ ಗೆಳತಿ ಬಂದು ಪೆಟ್ಟಿಗೆ ತೊಳೆದುಕೊಡುತ್ತಿದ್ದಳು.

ಆಮೇಲೆ ಅದು ಊಟ ಬಿಟ್ಟಿತು. ನುಂಗಿದ ಜೀರುಂಡೆಯನ್ನು ಹಾಗೇ ಕಕ್ಕಿತು. ಬಾಲ ಸೊರಗಿತು. ಗೆಳತಿ ಓಡಿಬಂದು, ರಾತ್ರಿ ಇವರ ಮನೆಯ ನಡುಮನೆಯಲ್ಲೇ ಮಲಗಿ ಆರೈಕೆ ಮಾಡಿದ ಮೇಲೆ ಚೇತರಿಸಿಕೊಂಡಿತು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಪಾಡು. ಈಗ ಮೂರನೆಯ ಸಲ. ಪ್ರಾಣಿವೈದ್ಯರು ಪರೀಕ್ಷೆ ಮಾಡಿ, ರೋಗವೇನೂ ಇಲ್ಲ, ತಿಂದದ್ದು ಕರಗುತ್ತಿಲ್ಲ ಅಷ್ಟೇ ಎಂದಿದ್ದರು.

"ಅವಳಿಲ್ದಿದ್ರೆ ಮೂಲಂಗಿ ಎಂದೋ ಸತ್ತುಹೋಗ್ತಿತ್ತು," ಎಂದಳು ಹುಡುಗಿ. "ಮೊದಲನೇ ಸಲ ಫೋನಲ್ಲಿ ಊಟ ಬಿಟ್ಟಿದೆ ಅಂತ ಅಷ್ಟೇ ಅಂದಿದ್ದು. ಬಿಸಿನೀರಿನ ಚೀಲ ಹಿಡ್ಕೊಂಡೇ ಬಂದ್ಬಿಟ್ಲು."

ಅವಳ ಅನುಮಾನ ಚಿಕ್ಕಮ್ಮನ ಮೇಲಿತ್ತು. ತಾಯಿ ಹೋದ ಮೇಲೆ ಅಣ್ಣತಂಗಿಯರಿಬ್ಬರನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದ ಚಿಕ್ಕಮ್ಮ. ಹಲ್ಲಿ ಬಂದ ದಿನ ಅವರು, ಈ ಮನೆಯಲ್ಲಿ ಒಂದೋ ಅದಿರಬೇಕು ಇಲ್ಲವೇ ನಾನಿರಬೇಕು ಎಂದು ಕೂಗಾಡಿದ್ದರು. ಮೊನ್ನೆ ಹುಡುಗಿ ಅಂಗಡಿಯಿಂದ ಬೇಗ ಬಂದಾಗ ಗಾಜಿನ ಪೆಟ್ಟಿಗೆಯ ಸುತ್ತ ಚಿಕ್ಕಮ್ಮನ ಉಣ್ಣೆಯ ಶಾಲು ಬಿಗಿಯಾಗಿ ಸುತ್ತಿತ್ತು. ಉಸಿರುಗಟ್ಟಿಸಿ ಸಾಯಿಸೋಕೆ ಹೊರಟಿದೀರಾ ಎಂದು ಇವಳು ಚೀರಿದಳು. ಚಿಕ್ಕಮ್ಮ ಶಾಲು ಬಿಚ್ಚಿಕೊಂಡು ಒಳಗೆ ಹೋದರು.

"ವಯಸ್ಸಾದವ್ರು, ಬೇಕು ಅಂತ ಮಾಡಿರಲ್ಲ, ಮನಸ್ಸಿಗೆ ಹಚ್ಕೋಬೇಡ" ಎಂದು ಗೆಳತಿ ಪದೇ ಪದೇ ಸಮಾಧಾನ ಹೇಳಿದ್ದಳಂತೆ. ಕೊನೆಗೆ ಚಿಕ್ಕಮ್ಮನನ್ನು ಸೋದರಮಾವನ ಮನೆಗೆ ಕಳಿಸುವುದೆಂದೂ, ಖಾಲಿಯಾದ ಕೋಣೆಗೆ ಗೆಳತಿಯೇ ಬಂದು ಹಲ್ಲಿಯ ಮೇಲೆ ಒಂದು ಕಣ್ಣಿಡುವುದೆಂದೂ ಮಾತಾಗಿತ್ತು. ಮರುದಿನ ಬೆಳಿಗ್ಗೆಯೇ ಹೊರಡುವುದು. ಚಿಕ್ಕಮ್ಮನ ಬಟ್ಟೆ ಪೆಟ್ಟಿಗೆ ಕಟ್ಟಿ ಆಗಿತ್ತು.

ಅತ್ತಿಗೆ ಒಂದೇ ಪ್ರಶ್ನೆ ಕೇಳಿದರು: ಕಾಯಿಲೆ ಬಿದ್ದಾಗ ಥರ್ಮೋಸ್ಟಾಟ್ ಏನು ತೋರಿಸುತ್ತಿತ್ತು?

"ಮೂವತ್ಮೂರು. ಈಗ್ಲೂ ಅಷ್ಟೇ. ಒಂದು ಚೂರೂ ಅಲುಗಾಡಲ್ಲ."

"ಅಲುಗಾಡಲ್ವಾ?" ಎಂದು ಅತ್ತಿಗೆ ಚಪ್ಪಲಿ ಮೆಟ್ಟಿದರು. ಮೇಷ್ಟ್ರು ಕುಡಿಯುತ್ತಿದ್ದ ಚಹಾ ಬಿಟ್ಟು ಹಿಂದೆ ನಡೆದರು.

ಹುಡುಗಿಯ ಕೋಣೆ ಅಚ್ಚುಕಟ್ಟಾಗಿತ್ತು. ಕಿಟಕಿಯ ಪಕ್ಕದ ಮೇಜಿನ ಮೇಲೆ ಗಾಜಿನ ಪೆಟ್ಟಿಗೆ, ಅದರ ಹಿಂದೆ ವೈಫೈ ಡಬ್ಬಿ, ಒಂದಷ್ಟು ತಂತಿಗಳು. ಮೂಲಂಗಿ ಬೆಚ್ಚಗಿರಬೇಕಾದ ಗುಹೆಯಲ್ಲಿ ಮುದುಡಿಕೊಂಡು ಕಣ್ಣು ಮುಚ್ಚಿತ್ತು. ಥರ್ಮೋಸ್ಟಾಟಿನ ಮೇಲೆ ಮೂವತ್ಮೂರು ಎಂಬ ಅಂಕಿ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತಿತ್ತು. ಅತ್ತಿಗೆ ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಪೆಟ್ಟಿಗೆಯೊಳಗೆ ಕೈ ಇಳಿಬಿಟ್ಟು ಹಲ್ಲಿಯ ಪಕ್ಕದಲ್ಲೇ ಅಂಗೈ ಊರಿದರು.

"ನೀನೂ ಇಡು ನೋಡೋಣ," ಎಂದರು ಮೈದುನನಿಗೆ.

ಮೇಷ್ಟ್ರು ಹೆದರುತ್ತಲೇ ಕೈ ಇಟ್ಟರು. ನೆಲ ತಣ್ಣಗಿತ್ತು.

ಅತ್ತಿಗೆ ಹುಡುಗಿಯನ್ನು ನೀರು ತರಲು ಕಳಿಸಿ, ಮೇಜಿನ ಹಿಂದೆ ಬಗ್ಗಿ, ಸೆನ್ಸರ್ ತಂತಿಯನ್ನು ಬೆರಳಿನಿಂದ ಸವರುತ್ತ ಹೋದರು. ಅದು ಗಾಜಿನಡಿಗೆ ಹೋಗುವ ಬದಲು ವೈಫೈ ಡಬ್ಬಿಯ ಕಡೆ ತಿರುಗಿತ್ತು. ಹಗಲೂ ರಾತ್ರಿ ಬಿಸಿಯಾಗಿರುವ ಆ ಡಬ್ಬಿಯ ಅಡಿಯಲ್ಲಿ ತಂತಿಯ ತುದಿಯನ್ನು ಯಾರೋ ಒತ್ತಿ ಸಿಕ್ಕಿಸಿದ್ದರು. ಅಳೆದದ್ದು ಡಬ್ಬಿಯ ಬಿಸಿ. ನೆಲ ಬೆಚ್ಚಗಿದೆ ಎಂದು ನಂಬಿ ಪ್ಯಾಡ್ ಆರಿಯೇ ಇತ್ತು. ಅತ್ತಿಗೆ ತುದಿಯನ್ನು ಗಾಜಿನಡಿಗೆ ಸೇರಿಸಿದರು. ಅಂಕಿ ಸರಸರನೆ ಇಳಿಯಿತು, ಕೆಂಪು ದೀಪ ಹತ್ತಿತು. ಯಾರಿಗೂ ಹೇಳಬೇಡ ಎಂದು ಮೇಷ್ಟ್ರಿಗೆ ಸನ್ನೆ ಮಾಡಿದರು.

ಅತ್ತಿಗೆ ಹುಡುಗಿಯನ್ನು ವಿಚಾರಿಸುತ್ತಿದ್ದಾಗ ಮೇಷ್ಟ್ರು ಅಡುಗೆಮನೆಗೆ ಹೋದರು. ಚಿಕ್ಕಮ್ಮ ಪಾತ್ರೆ ಒರೆಸಿ ಜೋಡಿಸುತ್ತಿದ್ದರು, ನಾಳೆಯಿಂದ ಬೇರೆಯವರ ಕೈಗೆ ಸಿಗಬೇಕು ಎಂಬಂತೆ. ಶಾಲಿನ ವಿಷಯ ಏನೆಂದು ಮೇಷ್ಟ್ರು ಮೆತ್ತಗೆ ಕೇಳಿದರು.

"ಕೇಳೋರಿಗೆ ಹೇಳ್ಬೋದು ಮೇಷ್ಟ್ರೆ," ಎಂದರು ಚಿಕ್ಕಮ್ಮ. "ತೀರ್ಮಾನ ಮಾಡ್ಕೊಂಡೋರಿಗೆ ಏನ್ ಹೇಳೋದು?"

ಇವರೇ ಮಾಡಿರಬೇಕು ಎಂದು ಮೇಷ್ಟ್ರಿಗೆ ಆಗ ಬಲವಾಗಿ ಅನ್ನಿಸಿತು. ಅಥವಾ ಯಂತ್ರದ ಒಳಹೊರಗು ಬಲ್ಲ ಅಣ್ಣ. ಈಜು ಟೀಚರನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬೀದಿಯ ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದರೂ ಮೊದಲು ಓಡಿಬರುವವಳು ಅವಳು. ಕಳೆದ ವರ್ಷ ಮೇಷ್ಟ್ರಿಗೆ ಜ್ವರ ಬಂದಾಗ ಔಷಧಿ ತಂದುಕೊಟ್ಟವಳೂ ಅವಳೇ.

ಅತ್ತಿಗೆಯ ಮಾತಿನಂತೆ ಹುಡುಗಿ ಅಣ್ಣನಿಗೂ ಗೆಳತಿಗೂ ಫೋನ್ ಮಾಡಿ, ಮೂಲಂಗಿ ಮತ್ತೆ ಊಟ ಬಿಟ್ಟಿದೆ, ಬನ್ನಿ ಎಂದಷ್ಟೇ ಹೇಳಿದಳು. ಸಂಜೆ ಎಲ್ಲರೂ ಆ ಕೋಣೆಯಲ್ಲಿ ಸೇರಿದರು. ಅಣ್ಣ ಕೆಲಸದ ಬಟ್ಟೆಯಲ್ಲೇ ಬಂದು ಗೋಡೆಗೆ ಒರಗಿದ. ಚಿಕ್ಕಮ್ಮ ಮಂಚದ ತುದಿಯಲ್ಲಿ ಕೂತರು. ಈಜು ಟೀಚರ್ ಒದ್ದೆ ಕೂದಲಲ್ಲೇ ಓಡಿಬಂದಳು. ಅವಳ ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಬಿಸಿನೀರಿನ ಚೀಲವಿತ್ತು.

ಅತ್ತಿಗೆ ಕುರ್ಚಿ ಹಾಕಿಕೊಂಡು ಕೂತದ್ದು ಮೇಜಿಗೂ ಕಿಟಕಿಗೂ ನಡುವಿನ ಸಂದಿಗೆ ಅಡ್ಡವಾಗಿ. ಟೀಚರ್ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ನುಗ್ಗಲು ನೋಡಿದಳು.

"ಅಮ್ಮಾ, ಸ್ವಲ್ಪ ಆ ಕಡೆ ಕೂತ್ಕೊಳ್ತೀರಾ? ಪ್ಲಗ್ ನೋಡ್ಬೇಕು."

"ಹಲ್ಲಿ ಇರೋದು ಈ ಕಡೆ, ಮಗು," ಎಂದರು ಅತ್ತಿಗೆ. "ನಿನ್ನ ಕಣ್ಣು ಮೇಜಿನ ಹಿಂದೆ ಯಾಕೆ?"

ಆಮೇಲೆ ಅವರು ದನಿ ಏರಿಸದೆ ಒಂದೊಂದಾಗಿ ಬಿಡಿಸಿಟ್ಟರು. ಸರಿಯಾಗಿ ಕೆಲಸ ಮಾಡುವ ಥರ್ಮೋಸ್ಟಾಟಿನ ಅಂಕಿ ಉಸಿರಾಡಿದ ಹಾಗೆ ಏರುತ್ತ ಇಳಿಯುತ್ತ ಇರುತ್ತದೆ, ಯಾಕೆಂದರೆ ಪ್ಯಾಡ್ ಹತ್ತುತ್ತದೆ, ಆರುತ್ತದೆ. ಅಲುಗಾಡದ ಅಂಕಿ ಎಂದ ಕೂಡಲೇ ಸೆನ್ಸರ್ ಎಲ್ಲೋ ಬೇರೆ ಕಡೆ ಇದೆ ಎಂದು ಅನುಮಾನ ಬಂತು. ವೈಫೈ ಡಬ್ಬಿಯ ಕತೆ ಹೇಳಿ, ಈ ಜಾತಿಯ ಹಲ್ಲಿಗೆ ಹೊಟ್ಟೆಯ ಕೆಳಗೆ ಬಿಸಿ ಇಲ್ಲದಿದ್ದರೆ ತಿಂದದ್ದು ಕರಗುವುದಿಲ್ಲ, ವೈದ್ಯರು ಕಂಡದ್ದೂ ಅದನ್ನೇ ಎಂದರು.

"ಹಾಗಾದ್ರೆ ಅದನ್ನ ಅಲ್ಲಿಟ್ಟಿದ್ದು ಯಾರು?" ಎಂದು ಕೇಳಿದ ಅಣ್ಣ. "ನಾನು ಜೋಡ್ಸಿದ್ದು ಅಂತ ನನ್ನ ತಲೆಗೆ ಕಟ್ಬೇಡಿ."

ಕಟ್ಟುವುದಿಲ್ಲ ಎಂದರು ಅತ್ತಿಗೆ. ಎರಡನೆಯ ಸಲ ಹಲ್ಲಿ ಮಲಗಿದಾಗ ಅವನು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದ, ಹುಡುಗಿಯೇ ಹೇಳಿದ್ದಳು. ಇನ್ನು ಚಿಕ್ಕಮ್ಮ. ಹಲ್ಲಿ ತಣ್ಣಗಾಗಿ ಸಾಯಲಿ ಎನ್ನುವವರು ಅದರ ಮನೆಗೆ ಉಣ್ಣೆಯ ಶಾಲು ಹೊದಿಸುತ್ತಾರೆಯೇ? ಎಲ್ಲರೂ ಅಂಕಿಯನ್ನು ನೋಡುತ್ತಿದ್ದಾಗ ಗಾಜು ಮುಟ್ಟಿ ನೋಡಿದವರು ಆ ಮನೆಯಲ್ಲಿ ಅವರೊಬ್ಬರೇ.

ಹುಡುಗಿ ಚಿಕ್ಕಮ್ಮನ ಮುಖ ನೋಡಿದಳು. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ಊಟ ಬಿಟ್ಟಿದೆ ಅಂದ್ರೆ ನೂರು ಕಾರಣ ಇರ್ಬೋದು," ಎಂದು ಅತ್ತಿಗೆ ಈಜು ಟೀಚರ್ ಕಡೆ ತಿರುಗಿದರು. "ನೀನು ಮೊದಲನೇ ಸಲಾನೂ ಬಿಸಿನೀರಿನ ಚೀಲ ತಂದೆ, ಇವತ್ತೂ ತಂದಿದೀಯ. ಯಂತ್ರ ಮೂವತ್ಮೂರು ಅಂತಿತ್ತು. ಒಳಗೆ ತಣ್ಣಗಿದೆ ಅಂತ ನಿನಗೆ ಯಾರು ಹೇಳಿದ್ರು?"

ಮೇಷ್ಟ್ರು ಅವಳ ಕೈಯನ್ನೇ ನೋಡುತ್ತಿದ್ದರು. ಟವೆಲ್ಲಿನ ಮೇಲೆ ಬೆರಳುಗಳು ಬಿಗಿಯಾದವು. ಅಭ್ಯಾಸ, ಮುಂಜಾಗ್ರತೆಗೆ ತಂದೆ ಎಂದೇನೋ ಅವಳು ತೊದಲಿದಳು. ಅತ್ತಿಗೆ ಬಿಡಲಿಲ್ಲ. ಪ್ರತಿ ರಜಾದಿನ ಪೆಟ್ಟಿಗೆ ತೊಳೆಯಲು ಬರುತ್ತಿದ್ದವಳು ಅವಳು. ಮೂರು ಸಲವೂ ಹಲ್ಲಿ ಮಲಗಿದ್ದು ಅದಾದ ಮೇಲೆಯೇ. ಅವಳು ಬಂದು ಕೋಣೆಯಲ್ಲಿ ಒಬ್ಬಳೇ ಕೂತು ಆರೈಕೆ ಶುರುಮಾಡಿದ ಕೂಡಲೇ ನೆಲ ಬೆಚ್ಚಗಾಗುತ್ತಿತ್ತು. ತಂತಿ ಎಲ್ಲಿದೆ ಎಂದು ಗೊತ್ತಿದ್ದವರಿಗೆ ಮಾತ್ರ ಅಷ್ಟು ಬೇಗ ಗುಣಪಡಿಸಲು ಸಾಧ್ಯ.

ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಮೇಷ್ಟ್ರು ಗಾದೆಯಲ್ಲಿ ಕೇಳಿದ್ದರು. ಎದುರಿಗೆ ನಿಂತು ನೋಡಿದ್ದು ಅದೇ ಮೊದಲು. ತಮಗೆ ಔಷಧಿ ತಂದುಕೊಟ್ಟದ್ದೂ ನೆನಪಾಗಿ, ಅದನ್ನು ಈಗ ಯಾವ ಕಡೆ ಇಟ್ಟುಕೊಳ್ಳಬೇಕೋ ಅವರಿಗೆ ತಿಳಿಯದಾಯಿತು.

"ಯಾಕೆ?" ಎಂದಳು ಹುಡುಗಿ.

ಟೀಚರ್ ಚೀಲವನ್ನು ಮೇಜಿನ ಮೇಲಿಟ್ಟಳು.

"ಸಾಯೋಕೆ ಬಿಡ್ತಿರ್ಲಿಲ್ಲ. ಪ್ರತಿ ಸಲಾನೂ ಉಳಿಸ್ದೆ ತಾನೇ?" ಅವಳ ದನಿಯಲ್ಲಿ ಅಳುವಿಗಿಂತ ದೂರು ಹೆಚ್ಚಿತ್ತು. "ಅಂಗಡಿ ಹಾಕಿದ್ಮೇಲೆ ನಿನಗೆ ನಾನು ಯಾತಕ್ಕೂ ಬೇಕಾಗಿರ್ಲಿಲ್ಲ. ಎಲ್ಲ ಚೆನ್ನಾಗಿದ್ದಾಗ ಒಂದು ದಿನ ಫೋನ್ ಮಾಡಿದೀಯಾ? ಅದಕ್ಕೆ ಹುಷಾರಿಲ್ಲ ಅಂದಾಗ ಮಾತ್ರ ಮೊದಲಿನ ಹಾಗೆ ನನ್ನ ಕೈ ಹಿಡ್ಕೊಂಡು ಕೂತಿರ್ತಿದ್ದೆ."

"ನನ್ನನ್ನ ಕೇಳ್ಬೋದಿತ್ತು. ಚಿಕ್ಕಮ್ಮನ್ನ ಯಾಕೆ ಸೇರ್ಸಿದೆ?"

"ನಾನು ಅವರ ಹೆಸರೇ ಎತ್ಲಿಲ್ಲ. ನೀನೇ ಅಂದಿದ್ದು."

ಅದು ನಿಜವಾಗಿತ್ತು. ಅನುಮಾನ ಪಡಬೇಡ, ಪಡಬೇಡ ಎನ್ನುತ್ತಲೇ ಟೀಚರ್ ಅನುಮಾನಕ್ಕೆ ನೀರೆರೆದಿದ್ದಳು, ಬೆಳೆಸಿದ್ದು ಹುಡುಗಿ. ಟೀಚರ್ ಮೂಲಂಗಿಯ ಕಡೆ ಒಮ್ಮೆ ನೋಡಿ, ಯಾರೂ ಹೋಗೆನ್ನುವ ಮೊದಲೇ ಹೊರಟುಹೋದಳು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು, ಕಾಯಿಲೆಯ ಮನೆಯಿಂದ ಹೊರಡುವವರ ಹಾಗೆ.

ಹುಡುಗಿ ಚಿಕ್ಕಮ್ಮನ ಕಾಲ ಬಳಿ ಕೂತಳು. ತಪ್ಪಾಯಿತು, ಬಟ್ಟೆ ಪೆಟ್ಟಿಗೆ ಬಿಚ್ಚಿಬಿಡಿ ಎಂದು ಬೇಡಿಕೊಂಡಳು. ಅಣ್ಣನೂ ಹೇಳಿದ. ಚಿಕ್ಕಮ್ಮ ಅವಳ ತಲೆಗೂದಲನ್ನು ಸರಿಮಾಡಿದರು, ಚಿಕ್ಕಂದಿನಲ್ಲಿ ಮಾಡಿರಬಹುದಾದ ಹಾಗೆ.

"ಕೋಪ ಇಲ್ಲಮ್ಮ," ಎಂದರು. "ಅವಳು ಹೊರಗಿನೋಳು, ಮೋಸ ಮಾಡಿದ್ಲು, ಹೋದ್ಲು. ನೀನು ನನ್ನ ಕೈತುತ್ತು ತಿಂದೋಳು. ನಾನು ಒಂದು ಜೀವಾನ ಕೊಲ್ತೀನಿ ಅಂತ ನಿನಗೆ ಅಷ್ಟು ಸಲೀಸಾಗಿ ನಂಬಿಕೆ ಬಂತಲ್ಲ, ಅದು ನನ್ನ ಗಂಟಲಲ್ಲಿ ಇಳೀತಿಲ್ಲ. ನಾನು ಸ್ವಲ್ಪ ದಿನ ದೂರ ಇರ್ತೀನಿ."

ಮರುದಿನ ಬೆಳಿಗ್ಗೆ ಅವರು ಹೊರಟೇಬಿಟ್ಟರು. ಮೇಷ್ಟ್ರೂ ಬಸ್ಸಿನವರೆಗೆ ಹೋಗಿದ್ದರು. ಅವರ ಬಟ್ಟೆ ಪೆಟ್ಟಿಗೆ ಹೊತ್ತುಕೊಂಡದ್ದು ಹುಡುಗಿಯೇ. ಅಣ್ಣ ಕೈ ಚಾಚಿದರೂ ಕೊಡಲಿಲ್ಲ.

ಮುಂದೆ ಒಂದು ದಿನ ಅವಳು ಮೇಷ್ಟ್ರ ಹೊಸ ಕನ್ನಡಕ ಹಿಡಿದುಕೊಂಡು ಬಂದಳು. ಮೂಲಂಗಿ ಚೆನ್ನಾಗಿ ತಿನ್ನುತ್ತಿದೆ, ಬಾಲ ತುಂಬಿಕೊಂಡಿದೆ, ಮೊನ್ನೆ ಒಂದೇ ಸಲಕ್ಕೆ ಪೊರೆ ಬಿಟ್ಟಿತು ಎಂದಳು. ಗೆಳತಿಯ ಮಾತು ಯಾರೂ ಎತ್ತಲಿಲ್ಲ. ಚಿಕ್ಕಮ್ಮ ಫೋನ್ ಮಾಡುತ್ತಾರೆಯೇ ಎಂದು ಅತ್ತಿಗೆ ಕೇಳಿದರು.

"ಮಾಡ್ತಾರೆ. ಹಲ್ಲಿ ಹೇಗಿದೆ, ಬೆಚ್ಚಗಿದ್ಯಾ, ಕೈಯಿಟ್ಟು ನೋಡಿದ್ಯಾ ಅಂತ ಕೇಳ್ತಾರೆ." ಹುಡುಗಿ ಕನ್ನಡಕದ ಗಾಜನ್ನು ಒರೆಸುತ್ತಲೇ ಇದ್ದಳು. "ನಾನು ಹೇಗಿದೀನಿ ಅಂತ ಕೇಳಲ್ಲ."

ಅತ್ತಿಗೆ ಅವಳ ಕೈಯಿಂದ ಕನ್ನಡಕ ತೆಗೆದುಕೊಂಡು ಮೈದುನನಿಗೆ ಕೊಟ್ಟರು.

"ಹಲ್ಲಿ ವಿಷಯಾನೇ ಹೇಳ್ತಾ ಇರು," ಎಂದರು. "ಅವರಾಗಿ ಫೋನ್ ಇಡೋವರೆಗೂ ನೀನು ಇಡ್ಬೇಡ."