ಬ್ರಹ್ಮ ಇಡದ ಚುಕ್ಕೆ

ಅವಳು ಮಹಡಿ ಹತ್ತಿ ಬಂದ ರಭಸಕ್ಕೇ ಅವನಿಗೆ ಗೊತ್ತಾಯಿತು, ಬೈಗುಳ ಬರುತ್ತಿದೆ ಎಂದು. ಅವನು ಕೂದಲು ಸರಿಮಾಡಿಕೊಂಡ.

“ಇದೂ ನಿಮ್ಮದೇನಾ?” ಲ್ಯಾಪ್‌ಟಾಪನ್ನು ಅವನ ಮೇಜಿನ ಮೇಲೆ ಕುಕ್ಕಿ, ತೆರೆಯ ಮೇಲಿನ ಮಂಕು ಚುಕ್ಕೆಯೊಂದನ್ನು ತೋರಿಸಿದಳು.

ಬಾಹ್ಯಾಕಾಶದಲ್ಲಿರುವ ಅವರ ಟೆಲಿಸ್ಕೋಪು, ನಾವು ಬಿಸಿಲಿಗೆ ಕೈ ಅಡ್ಡ ಹಿಡಿಯುವಂತೆ, ನಕ್ಷತ್ರಕ್ಕೊಂದು ಪುಟ್ಟ ಮರೆ ಹಿಡಿಯುತ್ತದೆ. ಝಗಝಗ ಅಡಗಿದರೆ ಪಕ್ಕದ ಗ್ರಹ ಚುಕ್ಕೆಯಾಗಿ ಕಂಡೀತು. ಆ ಚುಕ್ಕೆ ಹುಡುಕುವುದು ಅವಳ ಕೆಲಸ. ಹುಡುಕುವವರ ಕಣ್ಣು ಚುರುಕಾಗಿದೆಯೇ ಎಂದು ನೋಡಲು ಚಿತ್ರಗಳಲ್ಲಿ ಆಗಾಗ ಸುಳ್ಳು ಚುಕ್ಕೆ ಸೇರಿಸುವುದು ಅವನ ಕೆಲಸ. ಆಫೀಸಿನಲ್ಲಿ ಅವನಿಗೆ ಬ್ರಹ್ಮ ಎಂದೇ ಹೆಸರು. ಹಿಂದೊಮ್ಮೆ ಬ್ರಹ್ಮಸೃಷ್ಟಿಯೊಂದನ್ನು ನಂಬಿ ಅವಳು ಮನೆಗೆ ಫೋನ್ ಮಾಡಿದ್ದಳು. ಮನೆಯವರು ಊರಿಗೆಲ್ಲ ಸಾರಿದ್ದರು. ಚಿಕ್ಕಮ್ಮ ಈಗಲೂ “ನಿನ್ನ ಗ್ರಹ ಹೇಗಿದೆಯೇ?” ಎಂದು ಕ್ಷೇಮ ವಿಚಾರಿಸುತ್ತಾರೆ.

“ಇದು ನನ್ನದಲ್ಲ,” ಎಂದ ಬ್ರಹ್ಮ.

“ಹೋದ ಸಲಾನೂ ಹಾಗೇ ಅಂದ್ರಿ.”

“ಹೋದ ಸಲ ಸುಳ್ಳು ಹೇಳಿದ್ದೆ.”

“ಈ ಸಲಾನೂ ಅಷ್ಟೇ ಅಂದ್ಕೊಂಡು ಬಿಟ್ಟುಬಿಡ್ತೀನಿ.”

ಅವನ ಮುಖ ಬಿಳಿಚಿಕೊಂಡಿತು. ಸಂಜೆ ಟೆಲಿಸ್ಕೋಪು ಬೇರೆ ನಕ್ಷತ್ರದತ್ತ ತಿರುಗುತ್ತದೆ. ಅಷ್ಟರೊಳಗೆ ಇನ್ನೊಮ್ಮೆ ನೋಡದಿದ್ದರೆ, ಅವಳು ವರ್ಷಗಟ್ಟಲೆ ಕಾದ ಗ್ರಹ ಕೈತಪ್ಪಿದಂತೆಯೇ.

“ತಡೀರಿ. ನನ್ನದಾಗಿದ್ರೆ ಇಷ್ಟು ಮಂಕಾಗಿ ಇಡ್ತಿರ್ಲಿಲ್ಲ.”

“ಯಾಕೆ?”

ಅವನು ಕಿಟಕಿಯತ್ತ ನೋಡಿದ. ಕಿಟಕಿಯಿಂದ ಯಾವ ಸಹಾಯವೂ ಬರಲಿಲ್ಲ.

“ನಿಮ್ಮ ಚಿತ್ರಕ್ಕೆ ದಪ್ಪ ಚುಕ್ಕೇನೇ ಇಡೋದು. ಬೇಗ ಸಿಗ್ಲಿ, ನೀವು ಬೇಗ ಬೈಯೋಕೆ ಬರ್ಲಿ ಅಂತ. ತಿಂಗಳಿಗೊಂದು ಇಡಿ ಅಂತ ರೂಲು. ಬೇರೆಯವರಿಗೆಲ್ಲ ಹಾಗೇ ಇಡ್ತೀನಿ. ನಿಮಗೆ ಮಾತ್ರ… ವಾರಕ್ಕೊಂದು.”

ಅವಳ ಕಿವಿ ಕೆಂಪಾಯಿತು. ಕೋಪ ಎಂದೇ ಅವನು ತಿಳಿದ. ಗ್ರಹ ಸೃಷ್ಟಿಸುವವರಿಗೆ ಅಷ್ಟು ಹತ್ತಿರದ್ದು ಕಾಣುವುದಿಲ್ಲ.

ಅವಳು ಮುಖ್ಯಸ್ಥರಿಗೆ ಫೋನ್ ಮಾಡಿದಳು. “ಸರ್, ಸಂಜೆ ತಿರುಗಿಸ್ಬೇಡಿ. ಅದೇ ನಕ್ಷತ್ರ ಇನ್ನೊಂದ್ಸಲ ನೋಡ್ಬೇಕು… ಇಲ್ಲ ಸರ್, ಬ್ರಹ್ಮಂದಲ್ಲ… ಹೌದು, ಅವರೇ ಹೇಳಿದ್ದು… ನಂಬ್ತೀನಿ ಸರ್.”

ಫೋನ್ ಇಟ್ಟು, ಕುರ್ಚಿ ಎಳೆದುಕೊಂಡು ಅವನೆದುರು ಕೂತಳು.

“ಇನ್ಮೇಲೆ ನನಗೆ ಸುಳ್ಳು ಗ್ರಹ ಇಡಕೂಡದು.”

“ಮತ್ತೆ ಬೈಯೋಕೆ ಹೇಗೆ ಬರ್ತೀರಿ?”

“ನಮ್ಮಮ್ಮ ಮದುವೆಯಾದಾಗಿಂದ ಅಪ್ಪನ್ನ ಬೈತಾನೇ ಇದಾರೆ,” ಎಂದಳು. “ಅವರಿಗೆ ಇದುವರೆಗೆ ಒಂದು ಗ್ರಹವೂ ಬೇಕಾಗಿಲ್ಲ.”